ಹಳೆಯ ದೋಸ್ತಿ, ಹೊಸ ಎಂಬಿಎ: ನಂಬಿದ್ದೇನು, ಇರುವುದೇನು

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಹುಡುಗ ಹುಡುಗಿಯರ ತಲೆಯಲ್ಲಿ ಎರಡು ಮಾತು ಗಟ್ಟಿಯಾಗಿ ಕೂತಿರುತ್ತವೆ. ಊರು ಬಿಟ್ಟ ಮೇಲೆ ಜೊತೆಗೆ ಬೆಳೆದವರೆಲ್ಲ ದೂರವಾದಂತೆಯೇ ಎಂಬುದು ಒಂದು. ಒಳ್ಳೆಯ ಕಡೆ ಎಂಬಿಎ ಸೀಟು ಸಿಕ್ಕಿಬಿಟ್ಟರೆ ಬದುಕು ದಡ ಸೇರಿದಂತೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಬೀಳ್ಕೊಡುಗೆ ಸಮಾರಂಭದ ಭಾಷಣಗಳು ಕಲಿಸುತ್ತವೆ, ಎರಡನೆಯದನ್ನು ಕೋಚಿಂಗ್ ಕೇಂದ್ರಗಳ ಫ್ಲೆಕ್ಸುಗಳು. ಎರಡರಲ್ಲೂ ಅರ್ಧ ನಿಜವಿದೆ, ಅದಕ್ಕೇ ಇಷ್ಟು ಕಾಲ ಬಾಳಿವೆ. ಉಳಿದರ್ಧ ಮಾತ್ರ ದುಬಾರಿ. ಅದನ್ನು ನಂಬಿದವರು ಒಂದು ಕಡೆ ಗೆಳೆಯರನ್ನು ಕಳೆದುಕೊಳ್ಳುತ್ತಾರೆ, ಇನ್ನೊಂದು ಕಡೆ ಅಪ್ಪನ ಉಳಿತಾಯವನ್ನು.

“ದೂರ ಹೋದರೆ ಸ್ನೇಹ ತಾನಾಗಿಯೇ ಸಾಯುತ್ತದೆ”

ದೂರಕ್ಕೆ ಅಷ್ಟು ಶಕ್ತಿಯಿಲ್ಲ. ಬ್ರಿಟನ್ನಿನ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್‌ಬಾರ್ ಎಂಬ ಸಂಶೋಧಕರು ಶಾಲೆ ಮುಗಿಸಿ ಮುಂದಿನ ಘಟ್ಟಕ್ಕೆ ಕಾಲಿಡುತ್ತಿದ್ದ 30 ವಿದ್ಯಾರ್ಥಿಗಳ ಸಂಬಂಧಗಳನ್ನು 18 ತಿಂಗಳ ಕಾಲ ಗಮನಿಸಿದರು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನೆಂಟರ ಜೊತೆಗಿನ ಬಾಂಧವ್ಯ ಹೆಚ್ಚು ಒಡನಾಟವಿಲ್ಲದೆಯೂ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಸ್ನೇಹ ಮಾತ್ರ ಪೋಷಣೆ ನಿಂತ ಕಡೆ ಸೊರಗಿತ್ತು. ಪೋಷಣೆಯ ಬಗೆಯಲ್ಲೂ ವ್ಯತ್ಯಾಸ ಕಂಡಿತು: ಹುಡುಗಿಯರ ಸ್ನೇಹವನ್ನು ಮಾತುಕತೆ ಕಾಪಾಡಿದರೆ, ಹುಡುಗರ ಸ್ನೇಹಕ್ಕೆ ಮಾತಷ್ಟೇ ಸಾಲದೆ ಜೊತೆಗೂಡಿ ಏನಾದರೂ ಮಾಡುವುದು ಬೇಕಾಯಿತು. 30 ಜನರ ಮಾದರಿ ಚಿಕ್ಕದು, ಅದೇ ಕೊನೆಯ ಮಾತಲ್ಲ. ಆದರೂ ನಮ್ಮ ಸುತ್ತಮುತ್ತ ಕಾಣುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಹತ್ತನೇ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಸೂರ್ಯೋದಯದ ಚಿತ್ರ ಕಳಿಸುವುದು ಮಾತುಕತೆಯೂ ಅಲ್ಲ, ಜೊತೆಗೂಡಿ ಮಾಡಿದ ಕೆಲಸವೂ ಅಲ್ಲ. ಬೇಸಿಗೆಯಲ್ಲೊಮ್ಮೆ ಊರ ಮೈದಾನದಲ್ಲಿ ಸೇರಿ ಆಡುವ ಒಂದು ಕ್ರಿಕೆಟ್ ಮ್ಯಾಚು ವರ್ಷವಿಡೀ ಬಂದ ಅಂಥ ಸಂದೇಶಗಳಿಗಿಂತ ದೊಡ್ಡದು.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮದುವೆಯಾಗಿ ಹೋದವಳ ಗೆಳೆತನ ಕಡಿದುಹೋಗಲು ಹುಬ್ಬಳ್ಳಿಗೂ ಹಾಸನಕ್ಕೂ ನಡುವಿನ ಕಿಲೋಮೀಟರುಗಳು ಕಾರಣವಲ್ಲ. ಸಂಜೆ ಅರ್ಧ ಗಂಟೆ ಫೋನು ಹಿಡಿದು ಕೂತರೆ ಮನೆಯಲ್ಲಿ ಯಾರಾದರೂ ಗೊಣಗುತ್ತಾರೆ ಎಂಬ ಅಳುಕು ಕಾರಣ. ಅದನ್ನು ವಿಧಿ ಎಂದು ಕರೆದು ನಿಟ್ಟುಸಿರು ಬಿಡುವುದು ಸರಿಯಲ್ಲ.

“ಚಿಕ್ಕಂದಿನ ಸ್ನೇಹವೇ ನಿಜ, ಆಮೇಲಿನದೆಲ್ಲ ಲೆಕ್ಕಾಚಾರ”

ಬಾಲ್ಯಸ್ನೇಹ ಗಟ್ಟಿಯಾಗಿರಲು ಮುಗ್ಧತೆಗಿಂತ ಬಿಡುವು ದೊಡ್ಡ ಕಾರಣ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಸ್ನೇಹಕ್ಕೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದರು. ಬರೀ ಪರಿಚಯ ಮೇಲುಮೇಲಿನ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು. ಅದರಲ್ಲೂ ತರಗತಿಯಲ್ಲೋ ಕಚೇರಿಯಲ್ಲೋ ಪಕ್ಕಪಕ್ಕ ಕೂತ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ, ಸುಮ್ಮನೆ ಜೊತೆಗೆ ಕಾಲ ಕಳೆದ ಹೊತ್ತು ಬಂತು. ಕೆರೆ ಏರಿ, ಟೆಂಟು ಸಿನಿಮಾ, ಪರೀಕ್ಷೆಯ ಹಿಂದಿನ ರಾತ್ರಿಯ ಹರಟೆ, ಚಿಕ್ಕಂದಿನಲ್ಲಿ ನಮಗೆ ಇಂಥ ಗಂಟೆಗಳು ಧಾರಾಳವಾಗಿದ್ದವು. ಹಾಸ್ಟೆಲಿನಲ್ಲಿ ಎರಡು ವರ್ಷ ಒಟ್ಟಿಗೆ ಇರುವ ಎಂಬಿಎ ವಿದ್ಯಾರ್ಥಿಗಳಿಗೂ ಅವು ಸಿಗುತ್ತವೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹುಟ್ಟಿದ ಗೆಳೆತನವನ್ನು ನಕಲಿ ಎಂದು ತಳ್ಳಿಹಾಕಬೇಕಾಗಿಲ್ಲ.

“ನೆಟ್‌ವರ್ಕ್ ಬೇಕಾದರೆ ಬಿ-ಸ್ಕೂಲಿಗೇ ಹೋಗಬೇಕು”

ಲಕ್ಷಗಟ್ಟಲೆ ಶುಲ್ಕಕ್ಕೆ ಕಾಲೇಜುಗಳು ಕೊಡುವ ದೊಡ್ಡ ಸಮರ್ಥನೆ ಇದೇ. ಇದರಲ್ಲಿ ಹುರುಳಿಲ್ಲದಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಕೆಲಸ ಬದಲಿಸಿದವರನ್ನು ಮಾತಾಡಿಸಿ 1973ರಲ್ಲಿ ಒಂದು ಪ್ರಬಂಧ ಬರೆದರು. ಹೊಸ ಕೆಲಸದ ಸುಳಿವು ಹೆಚ್ಚಿನವರಿಗೆ ಬಂದದ್ದು ದಿನಾ ಭೇಟಿಯಾಗುವ ಆಪ್ತರಿಂದಲ್ಲ, ಅಪರೂಪಕ್ಕೆ ಕಾಣುವ ಪರಿಚಿತರಿಂದ. ಕಾರಣ ಸರಳ: ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗದ ವರದಿಯೂ ಇದನ್ನೇ ಸ್ವಲ್ಪ ತಿದ್ದಿ ಹೇಳಿತು. ತೀರಾ ಗುರುತಿಲ್ಲದವರೂ ಅಲ್ಲ, ತೀರಾ ಹತ್ತಿರದವರೂ ಅಲ್ಲ, ನಡುವಿನ ಪರಿಚಯಸ್ಥರೇ ಕೆಲಸದ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬಂದರು.

ಹಾಗಾದರೆ ಶಾಲೆಯ ಹಳೆಯ ಗೆಳೆಯರು ಎಲ್ಲಿ ನಿಲ್ಲುತ್ತಾರೆ? ಇದಕ್ಕೆ ಉತ್ತರ ಸಿಕ್ಕಿದ್ದು ಎಂಬಿಎ ತರಗತಿಯಲ್ಲೇ. ಡೇನಿಯಲ್ ಲೆವಿನ್, ಹೊರ್ಹೆ ವಾಲ್ಟರ್ ಮತ್ತು ಕೀತ್ ಮರ್ನಿಘನ್ ಉದ್ಯೋಗದಲ್ಲಿದ್ದು ಎಂಬಿಎ ಓದುತ್ತಿದ್ದ ಇನ್ನೂರಕ್ಕೂ ಹೆಚ್ಚು ಅಧಿಕಾರಿಗಳಿಗೆ ಒಂದು ವಿಚಿತ್ರ ಮನೆಗೆಲಸ ಕೊಟ್ಟರು. ಕನಿಷ್ಠ ಮೂರು ವರ್ಷದಿಂದ ಮಾತು ಬಿಟ್ಟುಹೋದ ಪರಿಚಿತರನ್ನು ಹುಡುಕಿ, ಕೈಲಿರುವ ಕೆಲಸದ ಬಗ್ಗೆ ಸಲಹೆ ಕೇಳಿ ಎಂದರು. 2011ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಈಗಿನ ಒಡನಾಡಿಗಳ ಸಲಹೆಗಿಂತ ಈ ಹಳಬರ ಸಲಹೆಯಲ್ಲಿ ಹೊಸತನ ಹೆಚ್ಚಿತ್ತು. ಮಾತು ನಿಂತ ವರ್ಷಗಳಲ್ಲಿ ಅವರು ಬೇರೆಯದೇ ಲೋಕ ಕಂಡಿದ್ದರು, ಹಿಂದಿನ ವಿಶ್ವಾಸ ಮಾತ್ರ ಉಳಿದಿತ್ತು. ನಿಮ್ಮ ಜೊತೆ ಏಳನೇ ತರಗತಿ ಓದಿದವನು ಇಂದು ಎಪಿಎಂಸಿಯಲ್ಲಿ ದಲ್ಲಾಳಿಯೋ, ಗೋವೆಯ ಹೋಟೆಲಿನಲ್ಲಿ ಮ್ಯಾನೇಜರೋ, ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವವನೋ ಆಗಿರಬಹುದು. ಬಿ-ಸ್ಕೂಲಿನ ಬ್ಯಾಚಿನಲ್ಲಿ ಇಷ್ಟು ಬಗೆಯ ಜನ ಸಿಗುವುದಿಲ್ಲ, ಅಲ್ಲಿ ಎಲ್ಲರೂ ಒಂದೇ ಬಗೆಯ ಕೆಲಸಕ್ಕೆ ಸಾಲು ನಿಂತವರು.

“99 ಪರ್ಸೆಂಟೈಲ್ ಅಂದರೆ ಐಐಎಂ ಸೀಟು ಖಾತ್ರಿ”

ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಲ್ಲಿ 99 ಪರ್ಸೆಂಟೈಲ್ ಎಂದರೆ 99 ಅಂಕವಲ್ಲ, ಬರೆದವರಲ್ಲಿ ನೂರಕ್ಕೆ 99 ಮಂದಿಗಿಂತ ಮುಂದಿದ್ದೀರಿ ಎಂದರ್ಥ. 2024ರ ಕ್ಯಾಟ್‌ನಲ್ಲಿ 68 ಪ್ರಶ್ನೆ, 204 ಅಂಕ. ಅರ್ಧಕ್ಕಿಂತ ಕಡಿಮೆ ಅಂಕ ಪಡೆದವರೂ 99 ಮುಟ್ಟಿದರು. ಇದು ಧೈರ್ಯ ಕೊಡುವ ಸುದ್ದಿ. ಆದರೆ ಆ ವರ್ಷ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ. ಅಂದರೆ 99ರಲ್ಲಿ ನಿಂತವರ ಮುಂದೆ ಇನ್ನೂ ಮೂರು ಸಾವಿರದಷ್ಟು ಜನ ಇದ್ದರು. 1973ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಐಐಎಂ ಕ್ಯಾಟ್ ಅಂಕವೊಂದನ್ನೇ ನೋಡುವುದಿಲ್ಲ. ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕಗಳು, ಕೆಲಸದ ಅನುಭವ, ಸಂದರ್ಶನ ಎಲ್ಲವೂ ತೂಕಕ್ಕೆ ಬರುತ್ತವೆ.

ಕನ್ನಡ ಮಾಧ್ಯಮದವರಿಗೆ ಇದು ಆಗದ ಮಾತು ಎಂಬುದೂ ತಪ್ಪು. ಪತ್ರಿಕೆಯ ಮೂರು ಭಾಗಗಳಲ್ಲಿ ಇಂಗ್ಲಿಷ್ ಒಂದೇ, ಉಳಿದೆರಡು ಲೆಕ್ಕ ಮತ್ತು ತರ್ಕ. ಹಾಗೆಂದು ಇಂಗ್ಲಿಷ್ ಭಾಗವನ್ನು ಕೈಬಿಡುವಂತಿಲ್ಲ, ಪ್ರತಿ ಭಾಗಕ್ಕೂ ಕಟ್ ಆಫ್ ಇರುತ್ತದೆ. ಕ್ಯಾಟ್ ಬೇಡವೆಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಇದೆ. ಅದರಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದವರಿಗೆ ಮೀಸಲಾತಿಯೂ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲೋ ಧಾರವಾಡದ ಕೌಸಾಳಿ ಸಂಸ್ಥೆಯಲ್ಲೋ ಓದುವ ಖರ್ಚಿಗೂ ಐಐಎಂನ ಖರ್ಚಿಗೂ ಹೋಲಿಕೆಯೇ ಇಲ್ಲ.

ಎಂಬಿಎ ಪದವಿಯ ಬದಲು ಸಿಗುವ ಪಿಜಿಡಿಎಂ ಡಿಪ್ಲೊಮಾ ಎಂದರೆ ಕೀಳು ಎನ್ನುವವರಿಗೆ ಒಂದೇ ಸಾಲಿನ ಉತ್ತರ: 2018ರ ಜನವರಿಯಲ್ಲಿ ಐಐಎಂ ಕಾಯ್ದೆ ಜಾರಿಗೆ ಬರುವವರೆಗೆ ಐಐಎಂಗಳು ಕೊಡುತ್ತಿದ್ದದ್ದೂ ಡಿಪ್ಲೊಮಾವನ್ನೇ.

“ಸರಾಸರಿ ಪ್ಯಾಕೇಜ್ 10 ಲಕ್ಷ, ನನಗೂ ಅಷ್ಟು ಸಿಕ್ಕೀತು”

ಸರಾಸರಿ ಎಂಬ ಅಂಕಿಯಷ್ಟು ಸಜ್ಜನವಾಗಿ ಸುಳ್ಳಾಡುವ ಅಂಕಿ ಇನ್ನೊಂದಿಲ್ಲ. ಹತ್ತು ಜನರ ಬ್ಯಾಚು ಎಂದಿಟ್ಟುಕೊಳ್ಳಿ. ಒಂಬತ್ತು ಮಂದಿಗೆ ತಲಾ 6 ಲಕ್ಷ, ಒಬ್ಬನಿಗೆ 46 ಲಕ್ಷ. ಸರಾಸರಿ ಸರಿಯಾಗಿ 10 ಲಕ್ಷ! ಆ ಒಬ್ಬ ನೀವೇ ಆಗುವ ಸಾಧ್ಯತೆ ಹತ್ತರಲ್ಲಿ ಒಂದು. ಅದಕ್ಕೇ ಕೇಳಬೇಕಾದದ್ದು ಮೀಡಿಯನ್ ಅನ್ನು, ಅಂದರೆ ಸಾಲಿನ ನಟ್ಟನಡುವೆ ನಿಂತವನ ಸಂಬಳವನ್ನು. ಇಲ್ಲಿ ಅದು 6 ಲಕ್ಷ. ಜೊತೆಗೆ ಇನ್ನಷ್ಟು ಪ್ರಶ್ನೆ: ಬ್ಯಾಚಿನಲ್ಲಿ ಒಟ್ಟು ಎಷ್ಟು ಜನ, ಈ ಲೆಕ್ಕಕ್ಕೆ ಬಂದವರು ಎಷ್ಟು ಜನ? ಹೇಳುವ ಮೊತ್ತದಲ್ಲಿ ತಿಂಗಳಿಗೆ ಕೈಗೆ ಬರುವುದೆಷ್ಟು? ಬೋನಸ್, ಪಿಎಫ್, ಗ್ರಾಚ್ಯುಟಿ, ವಿಮೆ ಎಂದು ಕಾಗದದಲ್ಲಿ ಉಳಿಯುವುದೆಷ್ಟು?

ಸಾಲದ ಲೆಕ್ಕವನ್ನೂ ಇದರ ಪಕ್ಕದಲ್ಲೇ ಇಡಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ, ಅದು ನಿಜ. ಬಡ್ಡಿಯೂ ಇಲ್ಲ ಎಂದು ಅಪ್ಪ ಅಮ್ಮ ಅರ್ಥ ಮಾಡಿಕೊಳ್ಳುತ್ತಾರೆ, ಅದು ಸುಳ್ಳು. ಶೇ. 10ರ ಬಡ್ಡಿಗೆ 10 ಲಕ್ಷ ಎತ್ತಿದರೆ ಮೂರು ವರ್ಷಕ್ಕೆ ಬಡ್ಡಿಯೇ 3 ಲಕ್ಷದ ಹತ್ತಿರ ಬರುತ್ತದೆ. 13 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 17 ಸಾವಿರ. ಕೈಗೆ 45 ಸಾವಿರ ಬರುವವನು ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಓಡಾಟ ಕಳೆದು ಊರಿಗೆ ಎಷ್ಟು ಕಳಿಸಿಯಾನು? ಈ ಪ್ರಶ್ನೆಯನ್ನು ಸೀಟು ಸಿಕ್ಕ ಸಂಭ್ರಮಕ್ಕೆ ಮೊದಲೇ ಮನೆಯಲ್ಲಿ ಕೂತು ಕೇಳಿಕೊಳ್ಳಬೇಕು. ಲೆಕ್ಕ ಒಗ್ಗದಿದ್ದರೆ ಎರಡು ವರ್ಷ ದುಡಿದು ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಕ್ಯಾಟ್‌ಗೆ ಗರಿಷ್ಠ ವಯೋಮಿತಿ ಇಲ್ಲ, ಇಷ್ಟೇ ಸಲ ಬರೆಯಬೇಕೆಂಬ ಕಟ್ಟೂ ಇಲ್ಲ.

ವ್ಯಾಪಾರ ಮಾಡಲು ಎಂಬಿಎ ಬೇಕೇಬೇಕು ಎನ್ನುವವರು ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿಯವರನ್ನು ನೆನೆಯಬಹುದು. ಮೈಸೂರಿನ ಎನ್‌ಐಇಯಲ್ಲಿ ಇಂಜಿನಿಯರಿಂಗ್, ಕಾನ್ಪುರದ ಐಐಟಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಅವರು ಅಹಮದಾಬಾದಿನ ಐಐಎಂಗೆ ಹೋದರು. ಹೋದದ್ದು ಓದಲಿಕ್ಕಲ್ಲ, ಅಲ್ಲಿನ ಕಂಪ್ಯೂಟರ್ ಪ್ರೋಗ್ರಾಮರ್ ಆಗಿ.

“ಇಷ್ಟು ವರ್ಷದ ಮೇಲೆ ಫೋನ್ ಮಾಡಿದರೆ ಏನಂದುಕೊಂಡಾರು”

ಇದು ಬಹಳ ಜನರ ಅಳುಕು. 2024ರಲ್ಲಿ ಲಾರಾ ಅಕ್ನಿನ್ ಮತ್ತು ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಗೆಳೆಯರಿಗೆ ಸಂದೇಶ ಬರೆಯಲು ಸಮಯ ಕೊಟ್ಟರೂ, ಕಳಿಸುವ ಮನಸ್ಸಿದ್ದರೂ, ಕಳಿಸಿದವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ. ಅತ್ತ 2022ರ ಪೆಗ್ಗಿ ಲಿಯು ಮತ್ತು ಸಂಗಡಿಗರ ಸಂಶೋಧನೆ ಹೇಳುವುದು, ಇಂಥ ಅನಿರೀಕ್ಷಿತ ವಿಚಾರಣೆಯಿಂದ ಆಚೆಯವರಿಗಾಗುವ ಸಂತೋಷವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ ಎಂದು.

ಸೀಟಿಗೆ ಮುಂಗಡ ಕಟ್ಟುವ ಮೊದಲು ನಿಮ್ಮ ಹೈಸ್ಕೂಲಿನವರಲ್ಲಿ ಆ ಕಾಲೇಜಿನಲ್ಲಿ ಓದಿದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿ, ಫೋನ್ ಮಾಡಿ. ಮೀಡಿಯನ್ ಎಷ್ಟು, ಕೆಲಸ ಸಿಗದೆ ಉಳಿದವರೆಷ್ಟು, ಪಾಠ ಮಾಡುವವರು ವರ್ಷಾವಧಿ ಇರುತ್ತಾರೋ ಬಂದು ಹೋಗುವವರೋ, ಎಲ್ಲ ಕೇಳಿ. ಕಾಲೇಜಿನ ಕೌನ್ಸೆಲರ್ ಹೇಳದ ಉತ್ತರ ಅಲ್ಲಿ ಸಿಗುತ್ತದೆ. ಕೇಳುವುದನ್ನು ಕೇಳಿ ಕೂಡಲೇ ಫೋನ್ ಇಡಬೇಡಿ, ಮನೆಯವರ ಕ್ಷೇಮವನ್ನೂ ವಿಚಾರಿಸಿ.