ಬಸಿರಿನಲ್ಲೇ ದಾಟುವ ಚಾಗಸ್ ರೋಗ

ಚಾಗಸ್ ರೋಗಕ್ಕೆ ಕಾರಣ ಟ್ರಿಪನೋಸೋಮ ಕ್ರೂಜಿ ಎಂಬ ಏಕಕೋಶ ಪರಾವಲಂಬಿ. ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗೆ ಹಬ್ಬಿರುವ ಈ ರೋಗವನ್ನು ಹೆಚ್ಚಿನವರಿಗೆ ಅಂಟಿಸಿದ್ದು ರಕ್ತ ಹೀರುವ ಒಂದು ಕೀಟ. ಆದರೆ ಕೀಟದ ಹಂಗಿಲ್ಲದೆಯೂ ಅದು ಮುಂದಿನ ತಲೆಮಾರಿಗೆ ಸಾಗಬಲ್ಲದು. ಸೋಂಕಿರುವ ಬಸುರಿಯ ರಕ್ತದಿಂದ ಮಾಸನ್ನು ದಾಟಿ ಹೊಟ್ಟೆಯಲ್ಲಿರುವ ಕೂಸಿಗೇ ತಗಲುತ್ತದೆ. ಕೀಟವನ್ನು ಹತೋಟಿಗೆ ತಂದಿರುವ ಪ್ರದೇಶಗಳಲ್ಲಿ ಹೊಸ ಸೋಂಕಿನ ಮುಖ್ಯ ದಾರಿ ಈಗ ಇದೇ. ಭಾರತದಲ್ಲಿ ಈ ರೋಗ ನೆಲೆಯೂರಿಲ್ಲ. ಇಲ್ಲಿನ ದನ, ಕುದುರೆ, ಒಂಟೆಗಳನ್ನು ಕಾಡುವ ಸರ್ರಾ ರೋಗದ ಜೀವಿ ಮಾತ್ರ ಇದರದೇ ಕುಲದ್ದು.

ರೋಗ ಹರಡುವ ಕೀಟ ನಮ್ಮ ತಿಗಣೆಯ ದೂರದ ನೆಂಟ. ಗಾತ್ರದಲ್ಲಿ ಅದಕ್ಕಿಂತ ಬಹಳ ದೊಡ್ಡದು, ಬೆಳೆದ ಮೇಲೆ ರೆಕ್ಕೆಯೂ ಇರುತ್ತದೆ. ಬ್ರೆಜಿಲ್‌ನಲ್ಲಿ ಅದನ್ನು ಬಾರ್ಬೆಯಿರೊ, ಅಂದರೆ ಕ್ಷೌರಿಕ ಎನ್ನುತ್ತಾರೆ. ಮಲಗಿದವರ ಮುಖಕ್ಕೇ ಬಂದು ಕಚ್ಚುವುದರಿಂದ ಆ ಹೆಸರು. ಬೊಲಿವಿಯಾ, ಅರ್ಜೆಂಟೀನಾಗಳಲ್ಲಿ ಅದು ವಿಂಚುಕ. ಹಗಲೆಲ್ಲ ಮಣ್ಣಿನ ಗೋಡೆಯ ಬಿರುಕಿನಲ್ಲಿ, ಹುಲ್ಲಿನ ಸೂರಿನಲ್ಲಿ ಅವಿತಿದ್ದು ರಾತ್ರಿ ಹೊರಬೀಳುತ್ತದೆ. ರೋಗಾಣು ಇರುವುದು ಅದರ ಬಾಯಲ್ಲಲ್ಲ, ಹಿಕ್ಕೆಯಲ್ಲಿ. ರಕ್ತ ಹೀರಿದ ಕೀಟ ಅಲ್ಲೇ ಹಿಕ್ಕೆ ಹಾಕುತ್ತದೆ. ತುರಿಕೆ ತಾಳದೆ ಕೆರೆದುಕೊಂಡಾಗ, ಕಣ್ಣುಜ್ಜಿದಾಗ ಅದು ಗಾಯದ ಮೂಲಕವೋ ಕಣ್ಣಿನ ತೆಳುಪೊರೆಯ ಮೂಲಕವೋ ಮೈಯೊಳಗೆ ಇಳಿಯುತ್ತದೆ.

ಈ ರೋಗವನ್ನು ಮೊದಲು ಗುರುತಿಸಿದವರು ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್. ರೈಲುಹಳಿ ಹಾಕುತ್ತಿದ್ದ ಕೂಲಿಗಳ ಮಲೇರಿಯಾ ತಡೆಯಲೆಂದು ಮಿನಾಸ್ ಜೆರೈಸ್ ಪ್ರಾಂತ್ಯದ ಲಸಾನ್ಸ್ ಎಂಬ ಊರಿಗೆ ಹೋಗಿದ್ದ ಅವರಿಗೆ ಈ ಕೀಟದ ವಿಷಯ ತಿಳಿಯಿತು. ಅದರ ಕರುಳಿನಲ್ಲಿ ಅಪರಿಚಿತ ಜೀವಿಯೊಂದನ್ನು ಕಂಡ ಅವರು ಅದಕ್ಕೆ ತಮ್ಮ ಗುರು ಓಸ್ವಾಲ್ಡೊ ಕ್ರೂಜ್ ಅವರ ಹೆಸರಿಟ್ಟರು. 1909ರ ಏಪ್ರಿಲ್ 14ರಂದು ಬೆರೆನಿಸ್ ಎಂಬ ಎರಡು ವರ್ಷದ ಹುಡುಗಿಯ ರಕ್ತದಲ್ಲಿ ಅದೇ ಜೀವಿ ಸಿಕ್ಕಿತು. ರೋಗ, ರೋಗಾಣು, ಅದನ್ನು ಹೊತ್ತು ತರುವ ಕೀಟ ಮೂರನ್ನೂ ಒಬ್ಬರೇ ಗುರುತಿಸಿದ್ದು ವೈದ್ಯಕೀಯದಲ್ಲಿ ಬಲು ಅಪರೂಪದ ಸಂಗತಿ. ಏಪ್ರಿಲ್ 14 ಈಗ ವಿಶ್ವ ಚಾಗಸ್ ದಿನ. ಸೋಂಕು ತಾಯಿಯಿಂದಲೂ ಬರಬಹುದೆಂಬ ಶಂಕೆಯನ್ನು ಚಾಗಸ್ 1911ರಲ್ಲೇ ಮುಂದಿಟ್ಟಿದ್ದರು. ಸಂದೇಹಕ್ಕೆ ಎಡೆಯಿಲ್ಲದಂತಹ ಪ್ರಕರಣ ವೆನೆಜುವೆಲಾದಿಂದ ವರದಿಯಾಗಲು 1949 ಬರಬೇಕಾಯಿತು.

ಇಷ್ಟು ತಡವಾಗಿದ್ದಕ್ಕೆ ರೋಗದ ಸ್ವಭಾವವೇ ಕಾರಣ. ಸೋಂಕು ತಗಲಿದ ಮೊದಲ ಒಂದೆರಡು ತಿಂಗಳು ಜ್ವರ, ಮೈಕೈ ನೋವು, ಕೆಲವರಿಗೆ ಒಂದು ಕಣ್ಣಿನ ರೆಪ್ಪೆಯ ಬಾವು ಬರುತ್ತದೆ. ಅನೇಕರಿಗೆ ಅಷ್ಟೂ ಇರುವುದಿಲ್ಲ. ಆಮೇಲೆ ಪರಾವಲಂಬಿ ಸ್ನಾಯುಗಳೊಳಗೆ ಹುದುಗಿಕೊಂಡು ಹತ್ತಾರು ವರ್ಷ ಸದ್ದಿಲ್ಲದೆ ಇದ್ದುಬಿಡುತ್ತದೆ. ಸುಮಾರು ನೂರಕ್ಕೆ ಮೂವತ್ತು ಮಂದಿಗೆ ಮುಂದೆ ಹೃದಯ ಹಿಗ್ಗುತ್ತದೆ, ಬಡಿತ ಏರುಪೇರಾಗುತ್ತದೆ. ಹತ್ತರಷ್ಟು ಜನರಿಗೆ ಅನ್ನನಾಳ ಅಥವಾ ದೊಡ್ಡಕರುಳು ಉಬ್ಬಿ ತನ್ನ ಕೆಲಸ ಮರೆಯುತ್ತದೆ. ಉಳಿದವರು ಯಾವ ತೊಂದರೆಯೂ ಇಲ್ಲದೆ ಬಾಳುತ್ತಾರೆ. ಇಪ್ಪತ್ತೈದರ ಹರೆಯದಲ್ಲಿ ಬಸುರಾದ ಹೆಣ್ಣು ಮಗಳಿಗೆ ಆಯಾಸವಿಲ್ಲ, ಎದೆನೋವಿಲ್ಲ. ಬಾಲ್ಯದಲ್ಲಿ ಮಣ್ಣಿನ ಮನೆಯಲ್ಲಿ ಮಲಗಿದ್ದಾಗ ಕಚ್ಚಿದ ಕೀಟದ ನೆನಪೂ ಇರುವುದಿಲ್ಲ. ರಕ್ತ ಪರೀಕ್ಷೆ ಮಾಡದೆ ಅವಳ ಸೋಂಕು ಬಯಲಾಗಲು ದಾರಿಯೇ ಇಲ್ಲ.

ಮಾಸಿನಲ್ಲಿ ತಾಯಿಯ ರಕ್ತವೂ ಮಗುವಿನ ರಕ್ತವೂ ಬೆರೆಯುವುದಿಲ್ಲ; ನಡುವೆ ಜೀವಕೋಶಗಳ ಪೊರೆಯಿದೆ. ಆ ಪೊರೆ ಈ ಪರಾವಲಂಬಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಕೆಲವೊಮ್ಮೆ ಮಾತ್ರ ರೋಗಾಣು ಅದನ್ನು ಭೇದಿಸಿ ಒಳಗಿನ ಜೀವಕೋಶಗಳಿಗೆ ನುಗ್ಗುತ್ತದೆ, ಅಲ್ಲಿ ಬಾಲ ಕಳಚಿಕೊಂಡು ದುಂಡಗಾಗಿ, ಒಂದು ಎರಡಾಗಿ ಎರಡು ನಾಲ್ಕಾಗಿ, ಕೊನೆಗೆ ಆ ಕೋಶವನ್ನು ಒಡೆದುಕೊಂಡು ಮಗುವಿನ ರಕ್ತಕ್ಕೆ ಸೇರುತ್ತದೆ. ಸೋಂಕಿರುವ ನೂರು ತಾಯಂದಿರಲ್ಲಿ ಸುಮಾರು ಐವರ ಮಕ್ಕಳಿಗೆ ಹೀಗಾಗುತ್ತದೆ. ಪ್ರದೇಶದಿಂದ ಪ್ರದೇಶಕ್ಕೆ ಈ ಲೆಕ್ಕ ಬದಲಾಗುತ್ತದೆ. ತಾಯಿಯ ರಕ್ತದಲ್ಲಿ ರೋಗಾಣು ಹೆಚ್ಚಿದ್ದರೆ, ಎಚ್‌ಐವಿಯಂತಹ ಕಾರಣದಿಂದ ಅವಳ ಪ್ರತಿರೋಧ ಶಕ್ತಿ ಕುಗ್ಗಿದ್ದರೆ ಅಪಾಯ ಏರುತ್ತದೆ. ಚೊಚ್ಚಲ ಮಗು ಪಾರಾಯಿತೆಂದು ಎರಡನೆಯದೂ ಪಾರಾಗುತ್ತದೆಂದು ಹೇಳಲಾಗದು. ಪ್ರತಿ ಬಸಿರಿನಲ್ಲೂ ಅದೇ ಅಪಾಯ ಮತ್ತೆ ಎದುರಾಗುತ್ತದೆ. ಹೀಗೆ ಸೋಂಕು ಪಡೆದ ಹೆಣ್ಣು ಕೂಸು ಚಿಕಿತ್ಸೆಯಿಲ್ಲದೆ ಬೆಳೆದು ತಾಯಾದರೆ, ವಿಂಚುಕವನ್ನು ಕಣ್ಣಾರೆ ಕಾಣದ ಮೊಮ್ಮಗುವಿಗೂ ರೋಗ ಇಳಿಯಬಹುದು.

ಸೋಂಕಿನೊಂದಿಗೆ ಹುಟ್ಟಿದ ಮಕ್ಕಳಲ್ಲಿ ಕೆಲವು ತಿಂಗಳು ತುಂಬುವ ಮೊದಲೇ ಹುಟ್ಟುತ್ತವೆ, ತೂಕ ಕಡಿಮೆ ಇರುತ್ತದೆ. ಯಕೃತ್ತು, ಗುಲ್ಮಗಳು ಊದಿಕೊಂಡಿರುತ್ತವೆ, ರಕ್ತಹೀನತೆ ಕಾಣುತ್ತದೆ. ಹೃದಯದ ಸ್ನಾಯುವಿಗೋ ಮಿದುಳಿಗೋ ಉರಿಯೂತ ತಗಲಿದರೆ ಜೀವಕ್ಕೇ ಕುತ್ತು. ಬಹುಪಾಲು ಮಕ್ಕಳು ಮಾತ್ರ ಹುಟ್ಟುವಾಗ ಗುಂಡುಗುಂಡಗೆ ಆರೋಗ್ಯವಾಗಿಯೇ ಇರುತ್ತವೆ. ಕಣ್ತಪ್ಪಿಸಿಕೊಳ್ಳುವವು ಈ ಮಕ್ಕಳೇ.

ಹೆರಿಗೆಯಾದ ಕೂಡಲೇ ಮಗುವಿನ ರಕ್ತದಲ್ಲಿ ಪ್ರತಿಕಾಯ ಹುಡುಕಿ ಫಲವಿಲ್ಲ. ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಬಂದಿರುತ್ತವೆ. ಸೋಂಕಿಲ್ಲದ ಕೂಸಿನಲ್ಲೂ ಪರೀಕ್ಷೆ ಪಾಸಿಟಿವ್ ಎಂದೇ ತೋರಿಸುತ್ತದೆ. ಹಾಗಾಗಿ ರೋಗಾಣುವನ್ನೇ ನೇರವಾಗಿ ನೋಡಬೇಕು. ಹೊಕ್ಕುಳಬಳ್ಳಿಯ ಅಥವಾ ಮಗುವಿನ ಹಿಮ್ಮಡಿಯ ನಾಲ್ಕು ಹನಿ ರಕ್ತವನ್ನು ಕೂದಲೆಳೆಯಂತಹ ಗಾಜಿನ ಕೊಳವೆಗೆ ತುಂಬಿ ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಾರೆ. ಕೆಂಪು ರಕ್ತಕಣಗಳು ತಳಕ್ಕಿಳಿದು ತಿಳಿ ಮೇಲೆ ನಿಂತಾಗ, ಅವೆರಡರ ನಡುವಿನ ತೆಳುಪದರದಲ್ಲಿ ರೋಗಾಣುಗಳು ನುಲಿಯುತ್ತಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಅಗ್ಗದ ವಿಧಾನವೇನೋ ಸರಿ, ಆದರೆ ನೋಡುವವರ ಕಣ್ಣು ಪಳಗಿರಬೇಕು. ಹುಟ್ಟಿದಾಗ ರೋಗಾಣು ವಿರಳವಾಗಿದ್ದರೆ ತಪ್ಪಿಹೋಗುವುದೂ ಉಂಟು. ಮೊದಲ ತಿಂಗಳಲ್ಲಿ ಅವುಗಳ ಸಂಖ್ಯೆ ಏರುವುದರಿಂದ ಆಗ ಇನ್ನೊಮ್ಮೆ ನೋಡುವುದು ಒಳ್ಳೆಯದು. ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು, ಅಷ್ಟೇ ದುಬಾರಿ.

ಕೊನೆಯ ತೀರ್ಮಾನ ಬರುವುದು ಮಗುವಿಗೆ ಎಂಟರಿಂದ ಹತ್ತು ತಿಂಗಳಾದಾಗ. ಅಷ್ಟರಲ್ಲಿ ತಾಯಿ ಕೊಟ್ಟ ಪ್ರತಿಕಾಯಗಳು ಕರಗಿಹೋಗಿರುತ್ತವೆ. ಆಗಲೂ ರಕ್ತದಲ್ಲಿ ಪ್ರತಿಕಾಯ ಉಳಿದಿದ್ದರೆ ಅದು ಮಗುವಿನದೇ, ಅಂದರೆ ಸೋಂಕು ಮಗುವಿಗೂ ಇದೆ. ಇಡೀ ವ್ಯವಸ್ಥೆ ಸೋಲುವುದು ಈ ಘಟ್ಟದಲ್ಲೇ. ಪೇಟೆಯ ಆಸ್ಪತ್ರೆಯಲ್ಲಿ ಹೆತ್ತ ತಾಯಿ ಅಷ್ಟು ಹೊತ್ತಿಗೆ ದೂರದ ಹಳ್ಳಿ ಸೇರಿರುತ್ತಾಳೆ. ಮಗು ಅಂಬೆಗಾಲಿಡುತ್ತಿದೆ, ನಗುತ್ತಿದೆ. ಚೆನ್ನಾಗಿರುವ ಮಗುವಿನ ಕೈಗೆ ಸೂಜಿ ಚುಚ್ಚಿಸಲು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕೆಂದರೆ ಬಡ ಕುಟುಂಬಕ್ಕೆ ಅದು ಸಣ್ಣ ಮಾತಲ್ಲ. ಅವರನ್ನು ದೂರುವ ಬದಲು ಲಸಿಕೆಗೆ ಬಂದ ದಿನವೇ ಈ ಪರೀಕ್ಷೆಯನ್ನೂ ಮುಗಿಸಿಕೊಡುವುದು ನ್ಯಾಯ.

ಹೀಗೆ ತಪ್ಪಿಹೋಗುವುದು ನೋವಿನ ವಿಷಯ, ಏಕೆಂದರೆ ಈ ರೋಗವನ್ನು ವಾಸಿ ಮಾಡಲು ಅತ್ಯಂತ ಸುಲಭವಾದ ವಯಸ್ಸು ಎಳೆಗೂಸಿನದೇ. ಇರುವ ಔಷಧಗಳು ಎರಡು, ಬೆಂಜ್‌ನಿಡಜೋಲ್ ಮತ್ತು ನಿಫುರ್ಟಿಮಾಕ್ಸ್. ಎರಡೂ ಅರ್ಧ ಶತಮಾನದಷ್ಟು ಹಳೆಯವು. ಹುಟ್ಟಿದ ಒಂದು ವರ್ಷದೊಳಗೆ ಸುಮಾರು ಎರಡು ತಿಂಗಳ ಕಾಲ ಕೊಟ್ಟರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ದೊಡ್ಡವರನ್ನು ಕಾಡುವ ಚರ್ಮದ ದದ್ದು, ವಾಕರಿಕೆ, ನರನೋವುಗಳು ಕೂಸುಗಳಿಗೆ ಅಷ್ಟಾಗಿ ಬರುವುದಿಲ್ಲ. ವರ್ಷ ಕಳೆದಂತೆಲ್ಲ ಗುಣವಾಗುವ ಸಾಧ್ಯತೆ ಇಳಿಯುತ್ತದೆ. ಬಹಳ ಕಾಲ ಮಕ್ಕಳಿಗೆಂದೇ ಮಾಡಿದ ಬೆಂಜ್‌ನಿಡಜೋಲ್ ಮಾತ್ರೆ ಇರಲಿಲ್ಲ. ದೊಡ್ಡವರ 100 ಮಿಲಿಗ್ರಾಂ ಮಾತ್ರೆಯನ್ನೇ ಚೂರು ಮಾಡಿ, ಅರೆದು, ಅಂದಾಜಿನಲ್ಲಿ ಕುಡಿಸಬೇಕಿತ್ತು. 2011ರಲ್ಲಿ ಬ್ರೆಜಿಲ್‌ನ ಸರ್ಕಾರಿ ಔಷಧ ತಯಾರಿಕಾ ಸಂಸ್ಥೆಯೊಂದು 12.5 ಮಿಲಿಗ್ರಾಂನ, ನೀರಲ್ಲಿ ಕರಗುವ ಮಾತ್ರೆಗೆ ಅನುಮತಿ ಪಡೆದ ಮೇಲೆ ಆ ಪಾಡು ತಪ್ಪಿತು.

ಬಸುರಿಗೆ ಈ ಔಷಧಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಭ್ರೂಣಕ್ಕೆ ಅವು ನಿರಪಾಯವೆಂಬ ಖಾತ್ರಿಯಿಲ್ಲ. ಅವಳ ಚಿಕಿತ್ಸೆ ಹೆರಿಗೆಯ ನಂತರ. ಎದೆಹಾಲು ನಿಲ್ಲಿಸಬೇಕಾಗಿಲ್ಲ, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ವಾಸಿಯಾಗುವವರೆಗೆ ತಡೆದರೆ ಸಾಕು. ಇದಕ್ಕಿಂತ ಮೇಲಾದ ಉಪಾಯ ಮದುವೆ, ಮಕ್ಕಳು ಎನ್ನುವುದಕ್ಕೆ ಮೊದಲೇ ಹೆಣ್ಣುಮಕ್ಕಳಿಗೆ ಚಿಕಿತ್ಸೆ ಕೊಡುವುದು. ಹೀಗೆ ಮೊದಲೇ ಔಷಧ ಪಡೆದ ಹೆಂಗಸರ ಮಕ್ಕಳಿಗೆ ಸೋಂಕು ದಾಟುವುದು ತೀರಾ ಅಪರೂಪವೆಂದು ಅರ್ಜೆಂಟೀನಾದ ಅಧ್ಯಯನಗಳು ತೋರಿಸಿಕೊಟ್ಟಿವೆ.

ದಕ್ಷಿಣ ಅಮೆರಿಕದ ದಕ್ಷಿಣ ಭಾಗದ ದೇಶಗಳು 1991ರಲ್ಲಿ ಒಟ್ಟುಗೂಡಿ ಮನೆಮನೆಗೆ ಕೀಟನಾಶಕ ಹೊಡೆಯಲು ತೊಡಗಿದವು. ಮನೆಗಳಲ್ಲಿ ನೆಲೆಸಿದ್ದ ಮುಖ್ಯ ಕೀಟದಿಂದ ರೋಗ ಹರಡುವುದು ಉರುಗ್ವೆಯಲ್ಲಿ 1997ರಲ್ಲಿ, ಚಿಲಿಯಲ್ಲಿ 1999ರಲ್ಲಿ, ಬ್ರೆಜಿಲ್‌ನಲ್ಲಿ 2006ರಲ್ಲಿ ನಿಂತಿತೆಂದು ಘೋಷಣೆಯಾಯಿತು. ಅದು ದೊಡ್ಡ ಗೆಲುವೇ. ಆದರೆ ಕೀಟನಾಶಕ ಈಗಾಗಲೇ ರಕ್ತ ಸೇರಿರುವ ರೋಗಾಣುವನ್ನು ಮುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2010ರ ಅಂದಾಜಿನಂತೆ ಲ್ಯಾಟಿನ್ ಅಮೆರಿಕದಲ್ಲಿ ಹೆರುವ ವಯಸ್ಸಿನ ಸುಮಾರು 11 ಲಕ್ಷ ಹೆಂಗಸರಲ್ಲಿ ಸೋಂಕಿತ್ತು. ವರ್ಷಕ್ಕೆ ಎಂಟು ಒಂಬತ್ತು ಸಾವಿರ ಮಕ್ಕಳು ಸೋಂಕಿನೊಂದಿಗೇ ಹುಟ್ಟುತ್ತಿದ್ದರು. ಕೆಲಸ ಹುಡುಕಿಕೊಂಡು ಹೊರಟವರ ಜೊತೆ ರೋಗವೂ ಅಮೆರಿಕ ಸಂಯುಕ್ತ ಸಂಸ್ಥಾನ, ಸ್ಪೇನ್‌ಗಳನ್ನು ತಲುಪಿದೆ. ಸ್ಪೇನ್‌ನ ಕ್ಯಾಟಲೋನಿಯಾ ಪ್ರಾಂತ್ಯ 2010ರಿಂದ ಲ್ಯಾಟಿನ್ ಅಮೆರಿಕ ಮೂಲದ ಬಸುರಿಯರ ರಕ್ತವನ್ನು ಪರೀಕ್ಷಿಸುತ್ತಿದೆ. ಅರ್ಜೆಂಟೀನಾದಲ್ಲಿ 2007ರ ಕಾಯಿದೆಯಂತೆ ಪ್ರತಿ ಬಸುರಿಗೂ ಈ ಪರೀಕ್ಷೆ ಕಡ್ಡಾಯ.

ತಾಯಿಗೆ ಸೋಂಕಿರುವುದು ಗೊತ್ತಾದರೆ ಹೊಸ ಕೂಸಿನ ಜೊತೆ ಅವಳ ಹಿಂದಿನ ಮಕ್ಕಳನ್ನೂ ಪರೀಕ್ಷಿಸುತ್ತಾರೆ. ಎಷ್ಟೋ ಸಲ ಶಾಲೆಗೆ ಹೋಗುವ ಅಕ್ಕನಲ್ಲೋ ಅಣ್ಣನಲ್ಲೋ ಸೋಂಕು ಪತ್ತೆಯಾಗುವುದು ಹಾಗೆಯೇ. ಚಿಕಿತ್ಸೆ ಮುಗಿದ ಮೇಲೂ ಮಗುವಿನ ಪ್ರತಿಕಾಯಗಳನ್ನು ಆಗಾಗ ಅಳೆಯುತ್ತಾರೆ. ಅವು ಪೂರ್ತಿ ಮಾಯವಾದರೆ ಮಾತ್ರ ಗುಣವಾಯಿತೆಂದು ಲೆಕ್ಕ. ದೊಡ್ಡವರಲ್ಲಿ ಅದಕ್ಕೆ ಹತ್ತು ಇಪ್ಪತ್ತು ವರ್ಷ ಕಾಯಬೇಕಾಗುತ್ತದೆ. ಮೊದಲ ಕೆಲವು ತಿಂಗಳಲ್ಲೇ ಔಷಧ ಪಡೆದ ಕೂಸಿನಲ್ಲಿ ಸಾಮಾನ್ಯವಾಗಿ ಒಂದು ವರ್ಷದೊಳಗೆ ಫಲಿತಾಂಶ ನೆಗೆಟಿವ್ ಬರುತ್ತದೆ.