ಪರರ ಅಂಡಾಣು, ಸ್ವಂತ ಸಂತಾನ

ಇಲ್ಲಿಯ ಹೋಟೆಲೊಂದರಲ್ಲಿ ಅಡುಗೆ ಕೆಲಸ ಮಾಡುವ ಬಂಧುವೊಬ್ಬರು ಕಳೆದ ತಿಂಗಳು ಒಂದು ಕಡತವನ್ನು ಹಿಡಿದು ನಮ್ಮ ಅಂಧೇರಿಯ ಕಚೇರಿಗೆ ಬಂದಿದ್ದರು. ಮದುವೆಯಾಗಿ 14 ವರ್ಷ. ಅದರಲ್ಲಿ 9 ವರ್ಷ ಪತ್ನಿ ಊರಿನಲ್ಲಿ, ಪತಿ ಇಲ್ಲಿ. ವರ್ಷಕ್ಕೊಮ್ಮೆ ರಜೆಯಲ್ಲಿ ಜೊತೆಯಾಗಿದ್ದುದಷ್ಟೇ ದಾಂಪತ್ಯ. ಬಾಡಿಗೆಗೆ ಒಂದು ಖೋಲಿ ದೊರೆತು ಆಕೆಯನ್ನು ಕರೆತರುವಷ್ಟರಲ್ಲಿ ಆಕೆಗೆ 37 ತುಂಬಿತ್ತು. ಈಗ ವೈದ್ಯರು, “ಗರ್ಭಕೋಶ ಆರೋಗ್ಯವಾಗಿದೆ, ಆದರೆ ಅಂಡಾಣುಗಳು ಮುಗಿಯುತ್ತ ಬಂದಿವೆ; ಬೇರೊಬ್ಬ ಸ್ತ್ರೀಯ ಅಂಡಾಣುವನ್ನು ಸ್ವೀಕರಿಸುವ ವಿಚಾರ ಮಾಡಿರಿ” ಎಂದಿದ್ದಾರಂತೆ.

ಅವರು ನಮ್ಮನ್ನು ಕೇಳಿದ್ದು ಹಣದ ವಿಚಾರವಲ್ಲ. “ನಮ್ಮಲ್ಲಿ ತಾಯಿಯ ಬಳಿಯೇ ಮಕ್ಕಳ ಬಳಿ. ಹೀಗೆ ಹುಟ್ಟಿದ ಮಗು ಯಾರ ಬಳಿಗೆ ಸೇರುವುದು, ಸ್ವಾಮಿ?” ಎಂದು ಕೇಳಿದರು.

ಊರನ್ನು ಬಿಟ್ಟು ಬಂದು ದುಡಿಯುವ ನಮ್ಮ ಜನರಲ್ಲಿ ಇಂಥ ದಂಪತಿಗಳು ವಿರಳರಲ್ಲ. ಆದ್ದರಿಂದ ತಿಳಿದವರನ್ನು ವಿಚಾರಿಸಿ ಅರಿತುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೆಣ್ಣುಮಗು ಜನಿಸುವಾಗಲೇ ತನ್ನ ಬಾಳಿನ ಅಂಡಾಣುಗಳನ್ನೆಲ್ಲ ಒಡಲಲ್ಲಿ ಹೊತ್ತು ಬರುತ್ತದೆ. ಆಗ ಸುಮಾರು 10ರಿಂದ 20 ಲಕ್ಷದಷ್ಟಿರುವ ಅವು, ಮೈನೆರೆಯುವ ಹೊತ್ತಿಗೆ 3–4 ಲಕ್ಷಕ್ಕೆ ಇಳಿಯುತ್ತವೆ. 35 ದಾಟಿದ ಮೇಲಂತೂ ಸಂಖ್ಯೆಯೂ ಗುಣವೂ ಬೇಗಬೇಗನೆ ಕುಗ್ಗುತ್ತವೆ. ಗರ್ಭಕೋಶವಾದರೋ ಅಷ್ಟು ಬೇಗ ಮುಪ್ಪಾಗುವುದಿಲ್ಲ. ಈ ಚಿಕಿತ್ಸೆಗೆ ಈ ವ್ಯತ್ಯಾಸವೇ ಆಧಾರ. ತರುಣ ದಾನಿಯ ಅಂಡಾಣುವನ್ನು ಪ್ರಯೋಗಾಲಯದಲ್ಲಿ ಪತಿಯ ವೀರ್ಯಾಣುವಿನೊಡನೆ ಕೂಡಿಸಿ, ಕೆಲವು ದಿನ ಬೆಳೆದ ಭ್ರೂಣವನ್ನು ಪತ್ನಿಯ ಗರ್ಭದಲ್ಲಿ ಇರಿಸುತ್ತಾರೆ. ಹೊರುವವಳು, ಹೆರುವವಳು, ಹಾಲೂಡುವವಳು ಪತ್ನಿಯೇ. ಆದರೆ ಪ್ರತಿ ಸಲವೂ ಫಲ ನಿಲ್ಲುವುದೆಂಬ ಭರವಸೆಯಿಲ್ಲ. ಇಂಥ ಬಸಿರಿನಲ್ಲಿ ರಕ್ತದೊತ್ತಡ ಏರುವ ಭಯವೂ ಹೆಚ್ಚಾದುದರಿಂದ ತಪಾಸಣೆಯನ್ನು ತಪ್ಪಿಸಕೂಡದು.

ಈ ವಿದ್ಯೆ ಮುಂಬಯಿಗೆ ಹೊಸತಲ್ಲ. 1986ರ ಆಗಸ್ಟ್ 6ರಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಚಿಕಿತ್ಸೆಯಿಂದ ಪ್ರನಾಳ ಶಿಶುವೊಂದು ಜನಿಸಿತು. ಆ ಕಾರ್ಯದಲ್ಲಿ ಜೊತೆಗಿದ್ದ ವಿಜ್ಞಾನಿ ಡಾ. ಟಿ. ಸಿ. ಆನಂದಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಪರಸ್ತ್ರೀಯ ಅಂಡಾಣುವಿನಿಂದ ಶಿಶುಜನನವಾದ ಕೀರ್ತಿಯೂ ಡಾ. ಹಿಂದುಜಾ ಅವರಿಗೇ 1991ರ ಜನವರಿಯಲ್ಲಿ ಸಂದಿತು.

ಇನ್ನು ಬಳಿಯ ಪ್ರಶ್ನೆ. ಕಾನೂನಿನ ಉತ್ತರ ಸ್ಪಷ್ಟವಾಗಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯ ಮೇರೆಗೆ ಇಂಥ ಮಗು ದಂಪತಿಗಳ ಸ್ವಂತ ಮಗುವೇ; ಹೊಟ್ಟೆಯ ಮಗುವಿಗಿರುವ ಹಕ್ಕುಗಳೆಲ್ಲವೂ ಅದಕ್ಕುಂಟು. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. 2024ರ ಆಗಸ್ಟ್‌ನಲ್ಲಿ ಮುಂಬಯಿ ಹೈಕೋರ್ಟಿಗೆ ಇಂಥದೇ ವ್ಯಾಜ್ಯವೊಂದು ಬಂದಿತ್ತು. ಪತ್ನಿಯ ತಂಗಿಯ ಅಂಡಾಣುವಿನಿಂದ, ಬಾಡಿಗೆ ತಾಯಿಯ ಮೂಲಕ ಹುಟ್ಟಿದ ಅವಳಿ ಮಕ್ಕಳವು. ಅಂಡಾಣು ನಾದಿನಿಯದು, ಪತ್ನಿಗೆ ಹಕ್ಕಿಲ್ಲ ಎಂಬುದು ಪತಿಯ ವಾದ. ಅಂಡಾಣು ಕೊಟ್ಟ ಮಾತ್ರಕ್ಕೆ ತಾಯಿಯ ಹಕ್ಕು ಬರುವುದಿಲ್ಲವೆಂದು ಹೇಳಿದ ನ್ಯಾಯಾಲಯವು, ಪ್ರತಿ ವಾರಾಂತ್ಯದಲ್ಲಿ ಮಕ್ಕಳನ್ನು ಕಾಣುವ ಅವಕಾಶವನ್ನು ಪತ್ನಿಗೆ ಕೊಡಿಸಿತು. ಆ ಮಕ್ಕಳನ್ನು ಆಕೆ ಹೆತ್ತವಳೂ ಅಲ್ಲ ಎಂಬುದನ್ನು ಗಮನಿಸಬೇಕು. ಒಂಬತ್ತು ತಿಂಗಳು ಹೊತ್ತು, ಹೆತ್ತು, ಸಾಕಿದವಳ ಬಳಿಯನ್ನು ಆಕೆಯ ಮಗುವಿಗೆ ನಿರಾಕರಿಸುವ ಹಿರಿಯರು ನಮ್ಮಲ್ಲಿದ್ದರೆ, ತಿದ್ದಿಕೊಳ್ಳಬೇಕಾದವರು ಅವರೇ ಎಂಬುದು ನಮ್ಮ ಅಭಿಪ್ರಾಯ.

ಅಂಡಾಣು ಕೊಡುವವಳ ಮಾತನ್ನೂ ಆಡಬೇಕು. ಆಕೆಯೂ ಒಬ್ಬರ ಮನೆಯ ಮಗಳೇ. ಸುಮಾರು ಹತ್ತು ಹನ್ನೆರಡು ದಿನ ಇಂಜೆಕ್ಷನ್, ಬಳಿಕ ಮತ್ತು ಬರಿಸಿ ಸೂಜಿಯಿಂದ ಅಂಡಾಣು ತೆಗೆಯುವುದು. ಕೆಲವರಿಗೆ ಔಷಧ ಅತಿಯಾಗಿ ಹೊಟ್ಟೆ ಉಬ್ಬಿ ಪ್ರಾಣಸಂಕಟವಾಗುವುದೂ ಉಂಟು. ಆದ್ದರಿಂದಲೇ ಕಾಯಿದೆಯು ದಾನಿಯ ವಯಸ್ಸನ್ನು 23ರಿಂದ 35ಕ್ಕೆ ಮಿತಗೊಳಿಸಿದೆ. ಬಾಳಿನಲ್ಲಿ ಒಂದೇ ಸಲ, 7ಕ್ಕಿಂತ ಹೆಚ್ಚಿಲ್ಲದಷ್ಟು ಅಂಡಾಣು ತೆಗೆಯಬಹುದು. ಆಕೆಯ ಹೆಸರಿನಲ್ಲಿ ದಂಪತಿಗಳು ವಿಮೆ ಮಾಡಿಸಬೇಕು. ಅಂಡಾಣುವಿನ ಕ್ರಯವಿಕ್ರಯ ಅಪರಾಧ. “ಇಷ್ಟು ಹಣ ಕೊಡಿಸುತ್ತೇನೆ” ಎಂದು ನಮ್ಮ ಚಾಳುಗಳಲ್ಲಿ ಸುಳಿಯುವ ದಲ್ಲಾಳಿಯನ್ನು ಹೊಸಲು ದಾಟಲು ಬಿಡಕೂಡದು.

ಚಿಕಿತ್ಸೆಗೆ ಹೊರಡುವ ಮುನ್ನ ಕೆಲವು ಮಾತುಗಳನ್ನು ನೆನಪಿಡಬೇಕು. ಮೊದಲು ಪತಿಯ ಪರೀಕ್ಷೆಯಾಗಲಿ. ಸಂತಾನವಿಲ್ಲದ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಾರಣವೂ ಸೇರಿರುತ್ತದೆ. ಆದರೂ ಬಂಜೆಯೆಂಬ ಹೆಸರು ಹೆಣ್ಣಿಗೇ. ಕ್ಷಯರೋಗ ಗರ್ಭಕೋಶದ ಒಳಪೊರೆಯನ್ನು ಕೆಡಿಸಿದ್ದರೆ ಎಂಥ ಅಂಡಾಣುವೂ ನಿಲ್ಲದು, ಅದನ್ನೂ ಪರೀಕ್ಷಿಸಿರಿ. ಕಾಯಿದೆಯ ಪ್ರಕಾರ ಪತ್ನಿಗೆ 50, ಪತಿಗೆ 55 ತುಂಬಿರಬಾರದು. ಆಸ್ಪತ್ರೆಯ ನೋಂದಣಿ ಪತ್ರವನ್ನು ಕೇಳಿ ನೋಡಿರಿ. ಪ್ರಾವಿಡೆಂಟ್ ಫಂಡಿಗೆ ಕೈಹಾಕುವ ಮುನ್ನ ಖರ್ಚಿನ ವಿವರವನ್ನು ಬರಹದಲ್ಲಿ ಪಡೆಯಿರಿ, ಎಷ್ಟು ಸಲ ಪ್ರಯತ್ನಿಸುವುದೆಂಬುದನ್ನು ಮೊದಲೇ ನಿಶ್ಚಯಿಸಿರಿ. ದತ್ತುಸ್ವೀಕಾರವೂ ಗೌರವದ ದಾರಿಯೇ. ಮಕ್ಕಳಿಲ್ಲದೆ ಒಬ್ಬರಿಗೊಬ್ಬರು ಆಸರೆಯಾಗಿ ಬಾಳುವುದೂ ಬಾಳೇ.

ಇಷ್ಟನ್ನೂ ಆ ಬಂಧುವಿಗೆ ಹೇಳಿದ ಮೇಲೆ, “ನಿಮ್ಮ ಪತ್ನಿ ಏನೆನ್ನುತ್ತಾರೆ?” ಎಂದು ಕೇಳಿದೆವು. ಅವರು ತಲೆ ತಗ್ಗಿಸಿದರು. ಊರಿನಲ್ಲಿ ಅಣ್ಣನನ್ನು ಕೇಳಿದ್ದರು, ಮಾವನನ್ನು ಕೇಳಿದ್ದರು, ಈಗ ಪತ್ರಿಕೆಯವರನ್ನೂ ಕೇಳಿದರು, ಆಕೆಯನ್ನು ಕೇಳಿರಲಿಲ್ಲ. ಈ ಚಿಕಿತ್ಸೆಗೆ ಪತಿಪತ್ನಿಯರಿಬ್ಬರ ಲಿಖಿತ ಸಮ್ಮತಿ ಬೇಕೆಂದು ಕಾಯಿದೆಯೇ ಹೇಳುತ್ತದೆ. ಆದರೆ ಆಸ್ಪತ್ರೆಯ ಕಾಗದಕ್ಕೆ ಆಕೆಯ ರುಜು ಬೀಳುವುದಕ್ಕಿಂತ ಮುಂಚೆ, ಖೋಲಿಯ ಬಾಗಿಲು ಹಾಕಿಕೊಂಡು ಆಕೆಯ ಮನಸ್ಸನ್ನು ಕೇಳಬೇಕಾದವರು ಪತಿಯೇ. ಸಂಜೆ ಪಾಳಿ ಮುಗಿದ ಮೇಲೆ ಕೇಳುತ್ತೇನೆಂದು ಹೇಳಿ ಅವರು ಕಡತವನ್ನು ಎತ್ತಿಕೊಂಡರು.