ಒಂದು ಅಪ್ಪಣೆ, ನೂರು ಕೆಲಸ

ಅಡಿಗೆಮನೆಯಲ್ಲಿ ತಾಯಿ ಮಗನನ್ನು ಕರೆದು, "ಸಾರಿಗೆ ಒಂದು ಒಗ್ಗರಣೆ ಹಾಕಪ್ಪ" ಎನ್ನುತ್ತಾಳೆ. ಮಾತು ಚಿಕ್ಕದು. ಆದರೆ ಅದರೊಳಗೆ ಅಡಗಿರುವ ಕೆಲಸಗಳನ್ನು ಎಣಿಸಿ ನೋಡೋಣ. ಸೌಟನ್ನು ಒಲೆಯ ಮೇಲಿಡಬೇಕು. ಎಣ್ಣೆ ಹಾಕಿ ಕಾಯಿಸಬೇಕು. ಸಾಸಿವೆ ಹಾಕಿ ಅದು ಸಿಡಿಯುವವರೆಗೆ ಕಾಯಬೇಕು. ಬಳಿಕ ಒಣಮೆಣಸಿನಕಾಯಿ, ಇಂಗು, ಕರಿಬೇವುಗಳನ್ನು ಹಾಕಬೇಕು. ಕೊನೆಗೆ ಎಲ್ಲವನ್ನೂ ಸಾರಿನ ಪಾತ್ರೆಗೆ ಸುರಿಯಬೇಕು. ಮೊದಲ ದಿನ ತಾಯಿ ಇವಿಷ್ಟನ್ನೂ ಒಂದೊಂದಾಗಿ ಹೇಳಿಕೊಟ್ಟಿರಲೇಬೇಕು. ಮಗ ಕಲಿತ ಮೇಲೆ 'ಒಗ್ಗರಣೆ' ಎಂಬ ಒಂದೇ ಪದ ಸಾಕಾಯಿತು.

ಅನೇಕ ಸಣ್ಣ ಅಪ್ಪಣೆಗಳನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡಿರುವ ಇಂತಹ ಒಂದು ದೊಡ್ಡ ಅಪ್ಪಣೆಗೆ ಕಂಪ್ಯೂಟರ್ ಶಾಸ್ತ್ರದಲ್ಲಿ 'ಮ್ಯಾಕ್ರೋ' ಎಂದು ಹೆಸರು. ಉದ್ದವಾದುದು, ದೊಡ್ಡದು ಎಂಬ ಅರ್ಥವುಳ್ಳ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. 1950ರ ದಶಕದಲ್ಲಿಯೇ, ಯಂತ್ರಕ್ಕೆ ಆದೇಶಗಳನ್ನು ಬರೆಯುತ್ತಿದ್ದವರು ಒಂದೇ ಸಾಲುಗಳನ್ನು ಮತ್ತೆ ಮತ್ತೆ ಬರೆದು ಬೇಸತ್ತು, ಅಂತಹ ಸಾಲುಗಳ ಕಟ್ಟಿಗೆ ಒಂದು ಹೆಸರಿಡುವ ಪದ್ಧತಿಯನ್ನು ಕಂಡುಕೊಂಡರು. ಇಂದು ಅದೇ ಉಪಾಯವು ಕಾಲೇಜಿನ ಕಂಪ್ಯೂಟರಿನಲ್ಲಿರುವ ಸ್ಪ್ರೆಡ್‌ಶೀಟಿನಲ್ಲಿ ಯಾರ ಕೈಗಾದರೂ ಎಟುಕುವಂತಿದೆ. ಅದನ್ನು ಬಳಸುವುದು ಹೇಗೆ, ಬಳಸುವಾಗ ಎಲ್ಲಿ ಎಚ್ಚರ ತಪ್ಪುತ್ತೇವೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಹಾಳೆ ಮತ್ತು ಅದರ ಮನೆಗಳು

ಸ್ಪ್ರೆಡ್‌ಶೀಟ್ ಎಂದರೆ ಚದುರಂಗದ ಹಾಸಿನಂತೆ ಮನೆಮನೆಯಾಗಿ ವಿಂಗಡಿಸಿದ ಒಂದು ಹಾಳೆ. ಕಂಬಸಾಲುಗಳಿಗೆ ಎ, ಬಿ, ಸಿ ಎಂದು ಅಕ್ಷರಗಳು; ಅಡ್ಡಸಾಲುಗಳಿಗೆ 1, 2, 3 ಎಂದು ಅಂಕೆಗಳು. ಎರಡೂ ಸೇರಿ ಮನೆಯ ವಿಳಾಸವಾಗುತ್ತದೆ. ಒಂದು ಮನೆಯಲ್ಲಿ ಸಂಖ್ಯೆಯನ್ನಿಡಬಹುದು. ಇಲ್ಲವೆ ಇತರ ಮನೆಗಳಲ್ಲಿರುವ ಸಂಖ್ಯೆಗಳಿಂದ ಲೆಕ್ಕ ಹಾಕುವ ಸೂತ್ರವನ್ನಿಡಬಹುದು. ಮೂಲದ ಸಂಖ್ಯೆ ಬದಲಾದೊಡನೆ ಅದನ್ನು ಅವಲಂಬಿಸಿದ ಮನೆಗಳೆಲ್ಲವೂ ತಾವಾಗಿಯೇ ಬದಲಾಗುತ್ತವೆ.

ಈ ಕಲ್ಪನೆಯನ್ನು ಸಣ್ಣ ಕಂಪ್ಯೂಟರಿಗೆ ತಂದವರು ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್‌ಸ್ಟನ್. ಹಾರ್ವರ್ಡಿನಲ್ಲಿ ವ್ಯವಹಾರಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಬ್ರಿಕ್ಲಿನ್, ಕೋಷ್ಟಕದ ಒಂದು ಅಂಕಿಯನ್ನು ತಿದ್ದಿದರೆ ಉಳಿದವನ್ನೆಲ್ಲ ಅಳಿಸಿ ಮತ್ತೆ ಲೆಕ್ಕ ಹಾಕಬೇಕಾದ ಕಷ್ಟವನ್ನು ಕಂಡಿದ್ದನು. ಆ ಕಷ್ಟದ ಪರಿಹಾರವಾಗಿ 1979ರಲ್ಲಿ ಆಪಲ್-2 ಯಂತ್ರಕ್ಕಾಗಿ 'ವಿಸಿಕ್ಯಾಲ್ಕ್' ಹೊರಬಂದಿತು.

ನಮ್ಮ ಪ್ರಯೋಗಶಾಲೆಯ ಸರಳ ಲೋಲಕವನ್ನೇ ತೆಗೆದುಕೊಳ್ಳೋಣ. ಎ2 ಮನೆಯಲ್ಲಿ ಲೋಲಕದ ಉದ್ದ, 1 ಮೀಟರ್; ಬಿ2 ಮನೆಯಲ್ಲಿ 20 ಆಂದೋಲನಗಳಿಗೆ ಹಿಡಿದ ಕಾಲ, 40.2 ಸೆಕೆಂಡು. ಸಿ2 ಮನೆಯ ಸೂತ್ರವು ಬಿ2ನ್ನು 20ರಿಂದ ಭಾಗಿಸಿ, ಆಂದೋಲನದ ಅವಧಿ 2.01 ಸೆಕೆಂಡು ಎನ್ನುತ್ತದೆ. ಡಿ2 ಮನೆ ಅದನ್ನು ವರ್ಗ ಮಾಡಿ 4.04 ಎನ್ನುತ್ತದೆ. ಇ2 ಮನೆಯು ಉದ್ದವನ್ನು ಈ ವರ್ಗದಿಂದ ಭಾಗಿಸಿ, 'ಪೈ'ಯ ವರ್ಗದ ನಾಲ್ಕರಷ್ಟಾದ 39.48ರಿಂದ ಗುಣಿಸಿ, ಗುರುತ್ವ ವೇಗೋತ್ಕರ್ಷವನ್ನು 9.77 ಎಂದು ತಿಳಿಸುತ್ತದೆ. ಒಂದು ತರಗತಿಯಲ್ಲಿ 30 ಜೋಡಿ ವಿದ್ಯಾರ್ಥಿಗಳಿದ್ದು, ಪ್ರತಿ ಜೋಡಿಯೂ ಆರು ಬೇರೆ ಬೇರೆ ಉದ್ದಗಳಿಗೆ ಪ್ರಯೋಗ ಮಾಡಿದರೆ 180 ಸಾಲುಗಳಾಗುತ್ತವೆ. ಸಾಲಿಗೆ ಮೂರರಂತೆ 540 ಗಣನೆಗಳು.

ಸೂತ್ರವೇ ಬೇರೆ, ಮ್ಯಾಕ್ರೋ ಬೇರೆ

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಸೂತ್ರವು ಒಂದು ಮನೆಯಲ್ಲಿ ಏನಿರಬೇಕೆಂಬುದನ್ನು ಹೇಳುತ್ತದೆ. ಆದರೆ ಸೂತ್ರವನ್ನು ಅಲ್ಲಿ ಬರೆಯುವವರು ಯಾರು? ಶಿರೋನಾಮೆಗಳನ್ನು ಹಾಕುವುದು, ಮೂರು ಸೂತ್ರಗಳನ್ನು ಬರೆಯುವುದು, ಅವನ್ನು ಆರು ಸಾಲುಗಳಿಗೂ ಇಳಿಸುವುದು, ದಶಾಂಶದ ಎರಡು ಸ್ಥಾನಗಳಿಗೆ ಹೊಂದಿಸುವುದು, ಗೆರೆ ಎಳೆಯುವುದು—ಇವೆಲ್ಲ ಕೈಕೆಲಸಗಳು. 30 ಹಾಳೆಗಳಿದ್ದರೆ ಇವನ್ನು 30 ಬಾರಿ ಮಾಡಬೇಕು. ಯಾವ ಕೆಲಸವನ್ನು ಯಾವುದರ ಅನಂತರ ಮಾಡಬೇಕೆಂದು ಹೇಳುವುದೇ ಮ್ಯಾಕ್ರೋ. ಸೂತ್ರವು ಒಂದು ಸಂಬಂಧವನ್ನು ತಿಳಿಸುತ್ತದೆ. ಮ್ಯಾಕ್ರೋ ಒಂದು ಕ್ರಮವನ್ನು ತಿಳಿಸುತ್ತದೆ.

ಸಂತೋಷದ ಸಂಗತಿಯೆಂದರೆ, ಮ್ಯಾಕ್ರೋ ರಚಿಸಲು ಆರಂಭದಲ್ಲಿ ಯಾವ ಯಂತ್ರಭಾಷೆಯನ್ನೂ ಕಲಿಯಬೇಕಾಗಿಲ್ಲ. ಯಂತ್ರವು ನಾವು ಮಾಡುವುದನ್ನು ನೋಡಿ ಬರೆದುಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ 'ವ್ಯೂ' ಪಟ್ಟಿಯ 'ಮ್ಯಾಕ್ರೋಸ್' ಎಂಬಲ್ಲಿ 'ರೆಕಾರ್ಡ್ ಮ್ಯಾಕ್ರೋ' ಎಂಬುದನ್ನು ಆರಿಸಬೇಕು. ಮ್ಯಾಕ್ರೋವಿಗೆ 'ಲೋಲಕ' ಎಂಬಂತಹ ಒಂದು ಹೆಸರನ್ನೂ ಅದನ್ನು ಕರೆಯಲು ಒಂದು ಕೀಲಿಯನ್ನೂ ಕೊಡಬೇಕು. 'ಕಂಟ್ರೋಲ್' ಜೊತೆಗೆ 'ಸಿ' ಅಕ್ಷರವನ್ನು ಮಾತ್ರ ಕೊಡಬಾರದು. ಕೊಟ್ಟರೆ ನಕಲು ಮಾಡುವ ಎಂದಿನ ಕೀಲಿಯೇ ಕೈತಪ್ಪುತ್ತದೆ. ಬಳಿಕ ಒಂದು ಹಾಳೆಯ ಮೇಲೆ ಕೆಲಸವನ್ನೆಲ್ಲ ಒಮ್ಮೆ ನಿಧಾನವಾಗಿ ಮಾಡಿ, ದಾಖಲೆಯನ್ನು ನಿಲ್ಲಿಸಬೇಕು. ಮುಂದಿನ 29 ಹಾಳೆಗಳಿಗೆ ಕೀಲಿಯನ್ನೊತ್ತುವುದಷ್ಟೇ ಕೆಲಸ. ಕಡತವನ್ನು ಮ್ಯಾಕ್ರೋ ಸಹಿತವಾದ 'ಎಕ್ಸ್‌ಎಲ್‌ಎಸ್‌ಎಂ' ರೂಪದಲ್ಲಿ ಉಳಿಸಬೇಕು. ಸಾಮಾನ್ಯ ರೂಪದಲ್ಲಿ ಉಳಿಸಿದರೆ ಲೆಕ್ಕ ಉಳಿದು ಮ್ಯಾಕ್ರೋ ಅಳಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲಿಯೂ 2018ರಿಂದ ಇಂತಹ ದಾಖಲೆಯ ಸೌಕರ್ಯವಿದೆ. ಲಿಬ್ರೆಆಫೀಸಿನಲ್ಲಿಯೂ ಇದೆ, ಆದರೆ ಅಲ್ಲಿ ಮೊದಲು ಆಯ್ಕೆಗಳ ಪುಟದಲ್ಲಿ ಅದಕ್ಕೆ ಅನುಮತಿ ಕೊಡಬೇಕು.

1983ರಲ್ಲಿ ಬಂದ 'ಲೋಟಸ್ 1-2-3'ರಲ್ಲಿ ಮ್ಯಾಕ್ರೋ ಎಂದರೆ ಒತ್ತಿದ ಕೀಲಿಗಳ ಸಾಲು, ಅಷ್ಟೆ. ಅದನ್ನು ಹಾಳೆಯ ಮನೆಗಳಲ್ಲಿಯೇ ಬರೆದಿಡುತ್ತಿದ್ದರು. 1993ರಲ್ಲಿ ಎಕ್ಸೆಲ್ 'ವಿಷುಯಲ್ ಬೇಸಿಕ್' ಎಂಬ ಭಾಷೆಯನ್ನು ಪಡೆಯಿತು. ಇದರ ಮೂಲವಾದ 'ಬೇಸಿಕ್' ಭಾಷೆಯನ್ನು ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಇಬ್ಬರು ಅಧ್ಯಾಪಕರು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸಾಮಾನ್ಯ ವಿದ್ಯಾರ್ಥಿಗಳಿಗಾಗಿಯೇ ರಚಿಸಿದರು. ಇಂದು ಎಕ್ಸೆಲ್ ನಮ್ಮ ಕೈಕೆಲಸವನ್ನು ನೋಡಿ ಬರೆದುಕೊಳ್ಳುವುದು ಈ ಮನೆತನದ ಭಾಷೆಯಲ್ಲಿಯೇ.

ಹನ್ನೆರಡು ಮಂದಿಯ ಕಥೆ

ಲೋಲಕದ ಹಾಳೆಯಲ್ಲಿ ಸಾಲುಗಳು ಯಾವಾಗಲೂ ಆರೇ ಆದುದರಿಂದ ನಮ್ಮ ಮ್ಯಾಕ್ರೋ ಎಲ್ಲಿಯೂ ಎಡವಲಿಲ್ಲ. ಆ ಧೈರ್ಯದಿಂದ ನಾವು ತರಗತಿಯ ಅಂಕಪಟ್ಟಿಗೂ ಒಂದು ಮ್ಯಾಕ್ರೋ ಮಾಡಿದೆವು. ಎರಡು ಕಿರುಪರೀಕ್ಷೆಗಳಿಗೆ 15ರಂತೆ 30, ಪ್ರಯೋಗದ ದಾಖಲೆ ಪುಸ್ತಕಕ್ಕೆ 10, ಒಟ್ಟು 40 ಅಂಕಗಳು. ಮ್ಯಾಕ್ರೋ ಪ್ರತಿಯೊಬ್ಬರ ಅಂಕಗಳನ್ನು ಕೂಡಿ 'ಎಫ್' ಕಂಬಸಾಲಿನಲ್ಲಿ ಇಡುತ್ತಿತ್ತು. ಪಕ್ಕದ 'ಜಿ' ಕಂಬಸಾಲಿನಲ್ಲಿ, ಮೊತ್ತವು 14ಕ್ಕಿಂತ ಕಡಿಮೆಯಾದರೆ 'ಕೊರತೆ' ಎಂದು ತೋರಿಸುವ ಸೂತ್ರವನ್ನು ಕೊನೆಯ ಹೆಸರಿನವರೆಗೆ ನಾವೇ ಕೈಯಿಂದ ಬರೆದಿದ್ದೆವು. ದಾಖಲೆ ಮಾಡಿಕೊಂಡ ತರಗತಿಯಲ್ಲಿ 60 ವಿದ್ಯಾರ್ಥಿಗಳು, ಎಲ್ಲವೂ ಸರಿಯಾಯಿತು. ಮರುದಿನ 72 ವಿದ್ಯಾರ್ಥಿಗಳ ಇನ್ನೊಂದು ತರಗತಿಯ ಪಟ್ಟಿಯನ್ನು ತೆರೆದು ಕೀಲಿಯನ್ನೊತ್ತಿದೆವು. ಕೊರತೆಯವರ ಹೆಸರುಗಳನ್ನು ಆರಿಸಿ ಅಚ್ಚು ಮಾಡಿ ಸೂಚನಾಫಲಕಕ್ಕೆ ಅಂಟಿಸಿದೆವು.

ಮಧ್ಯಾಹ್ನ ಒಬ್ಬ ಹುಡುಗ ಬಂದು, "ಸರ್, ನನಗೆ ಮೊದಲನೆಯ ಪರೀಕ್ಷೆಯಲ್ಲಿ 13, ಎರಡನೆಯದರಲ್ಲಿ 12 ಬಂದಿತ್ತು. ಆದರೂ ಕೊರತೆ ಎಂದು ಹಾಕಿದ್ದೀರಿ" ಎಂದನು. ಹಾಳೆಯನ್ನು ತೆರೆದು ನೋಡಿದೆವು. ಮ್ಯಾಕ್ರೋ ನಾವು ತೋರಿಸಿಕೊಟ್ಟಂತೆ 2ರಿಂದ 61ನೆಯ ಸಾಲಿನವರೆಗೆ ಕೂಡಿ ನಿಂತುಬಿಟ್ಟಿತ್ತು. ಹಾಜರಿ ಪುಸ್ತಕದ ಕೊನೆಯ ಹನ್ನೆರಡು ಮಂದಿಯ ಮೊತ್ತದ ಮನೆ ಬರಿದಾಗಿತ್ತು. ಬರಿದಾದ ಮನೆಯನ್ನು 14ರೊಡನೆ ಹೋಲಿಸಿದಾಗ ಯಂತ್ರವು ಅದನ್ನು ಸೊನ್ನೆ ಎಂದೇ ತಿಳಿಯುತ್ತದೆ. ಆದುದರಿಂದ ಹನ್ನೆರಡು ಮಂದಿಯೂ ಕೊರತೆಯವರಾದರು. ಆ ಪಟ್ಟಿಯನ್ನು ನೋಡಿ ಒಬ್ಬ ವಿದ್ಯಾರ್ಥಿನಿ ಮನೆಗೆ ದೂರವಾಣಿ ಮಾಡಿ ಅತ್ತಿದ್ದಳೆಂದು ಅನಂತರ ತಿಳಿಯಿತು. ಪಟ್ಟಿಯನ್ನು ತೆಗೆಸಿದೆವು, ಮರುದಿನ ತರಗತಿಯಲ್ಲಿ ಕ್ಷಮೆಯನ್ನೂ ಕೇಳಿದೆವು. ತಪ್ಪು ಯಂತ್ರದ್ದಲ್ಲ, ನಮ್ಮದು. ಅದು ಹೇಳಿದಷ್ಟನ್ನೇ ಮಾಡಿತ್ತು.

'ಅರ್ಧ ನಿಮಿಷ' ಅಲ್ಲ, 'ಸಿಡಿಯುವವರೆಗೆ'

ಒಗ್ಗರಣೆಯ ಪಾಠವನ್ನು ಈಗ ಮತ್ತೆ ನೆನೆಯಬೇಕು. ತಾಯಿ "ಸಾಸಿವೆ ಹಾಕಿ ಅರ್ಧ ನಿಮಿಷ ಕಾದಿರು" ಎನ್ನುವುದಿಲ್ಲ. "ಸಿಡಿಯುವವರೆಗೆ ಕಾದಿರು" ಎನ್ನುತ್ತಾಳೆ. ಏಕೆಂದರೆ ಒಲೆಯ ಉರಿ ದಿನದಿನಕ್ಕೂ ಬೇರೆ. ನಮ್ಮ ಮ್ಯಾಕ್ರೋ "60 ಸಾಲು ಕೂಡು" ಎಂದಿತ್ತು. "ಹೆಸರುಗಳು ಮುಗಿಯುವವರೆಗೆ ಕೂಡು" ಎನ್ನಬೇಕಾಗಿತ್ತು.

ದಾಖಲೆ ಮಾಡಿಕೊಳ್ಳುವ ಯಂತ್ರವು ಎಂದಿನಂತೆ ಮನೆಯ ಬಾಗಿಲ ಸಂಖ್ಯೆಯನ್ನೇ ಬರೆದುಕೊಳ್ಳುತ್ತದೆ. 'ಯೂಸ್ ರಿಲೇಟಿವ್ ರೆಫರೆನ್ಸಸ್' ಎಂಬ ಗುಂಡಿಯನ್ನು ಒತ್ತಿದ್ದರೆ ಅದು "ಈಗಿರುವ ಮನೆಯಿಂದ ಬಲಕ್ಕೆ ಎರಡನೆಯ ಮನೆ" ಎಂದು ಬರೆದುಕೊಳ್ಳುತ್ತದೆ. ಒಂದೇ ಹಾಳೆಯಲ್ಲಿ ಹಲವು ಲೋಲಕದ ಕೋಷ್ಟಕಗಳು ಒಂದರ ಕೆಳಗೊಂದಿದ್ದಾಗ ಇದು ಬಹಳ ಉಪಯುಕ್ತ. ಆದರೆ ಇದರಿಂದ ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದು ಸರಿಹೋಗುವುದೇ ಹೊರತು, ಎಲ್ಲಿ ಮುಗಿಯಬೇಕೆಂಬುದು ಸರಿಹೋಗುವುದಿಲ್ಲ.

ಅದಕ್ಕಾಗಿ 'ಆಲ್ಟ್' ಮತ್ತು 'ಎಫ್11' ಕೀಲಿಗಳನ್ನೊತ್ತಿ ಯಂತ್ರ ಬರೆದುಕೊಂಡ ಸಾಲುಗಳನ್ನು ತೆರೆಯಬೇಕು. ಅಲ್ಲಿ 61 ಎಂಬ ಸಂಖ್ಯೆ ಇರುವೆಡೆಯಲ್ಲಿ, ಕೊನೆಯ ಸಾಲನ್ನು ಹುಡುಕುವ ಆದೇಶವನ್ನು ಸೇರಿಸಬೇಕು. ಆ ಆದೇಶದ ತಾತ್ಪರ್ಯವಿಷ್ಟು: "ಹಾಳೆಯ ಅತ್ಯಂತ ಕೆಳಗಿನ ಸಾಲಿಗೆ ಹೋಗು, ಅಲ್ಲಿಂದ ಮೇಲಕ್ಕೆ ಬರುತ್ತಾ ಹೆಸರಿರುವ ಮನೆ ಸಿಕ್ಕಿದೊಡನೆ ನಿಲ್ಲು, ಅದೇ ಕೊನೆ." ಮೇಲಿನಿಂದ ಕೆಳಕ್ಕೆ ಇಳಿಯಬಾರದೇಕೆ? ನಡುವೆ ಎಲ್ಲಿಯಾದರೂ ಒಂದು ಮನೆ ಬರಿದಾಗಿದ್ದರೆ ಇಳಿಯುವವನು ಅಲ್ಲಿಯೇ ನಿಲ್ಲುತ್ತಾನೆ. ಕೆಳಗಿನಿಂದ ಏರುವವನಿಗೆ ಆ ಭಯವಿಲ್ಲ. ಈಗಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿದ್ದರೂ ಈ ಏರಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಕೊನೆಯ ಸಾಲು ಎಲ್ಲಿ ಎಂಬ ಪ್ರಶ್ನೆ ಅಲ್ಪವಾದುದೆಂದು ತಿಳಿಯಬಾರದು. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯು ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ರೂಪದ ಕಡತಗಳಿಗೆ ತುಂಬಿಸುತ್ತಿತ್ತು. ಆ ಹಳೆಯ ಹಾಳೆಯಲ್ಲಿದ್ದುದು 65,536 ಸಾಲುಗಳು ಮಾತ್ರ. ಹಾಳೆ ತುಂಬಿದ ಮೇಲೆ ಬಂದವು ಸದ್ದಿಲ್ಲದೆ ಬಿಟ್ಟುಹೋದುವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ರೋಗಿಗಳು ಆಯಾ ದಿನದ ಲೆಕ್ಕದಿಂದ ತಪ್ಪಿಹೋದರು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸವೂ ತಡವಾಯಿತು. ನಮ್ಮ ಹನ್ನೆರಡು ಮಂದಿಗೂ ಆ ಸಹಸ್ರಾರು ಮಂದಿಗೂ ಆದುದು ಒಂದೇ ಬಗೆಯ ಅನ್ಯಾಯ.

ಕೆಲವು ಎಚ್ಚರಿಕೆಗಳು

ಅಂದಿನಿಂದ ನಾವು ಕೆಲವು ನಿಯಮಗಳನ್ನು ಪಾಲಿಸುತ್ತಿದ್ದೇವೆ. ದಾಖಲೆಗೆ ಮುಂಚೆ ಕೆಲಸದ ಹೆಜ್ಜೆಗಳನ್ನು ಕಾಗದದ ಮೇಲೆ ಬರೆಯುತ್ತೇವೆ. ಯಂತ್ರವು ನಮ್ಮ ತಡವರಿಕೆಗಳನ್ನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತದೆ. ಮ್ಯಾಕ್ರೋವನ್ನು ಮೊದಲು ಕಡತದ ಪ್ರತಿಯ ಮೇಲೆ ಓಡಿಸುತ್ತೇವೆ. ಏಕೆಂದರೆ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಮಾಡಿದುದನ್ನು 'ಅನ್‌ಡೂ' ಕೀಲಿಯಿಂದ ಹಿಂದಕ್ಕೆ ತರಲಾಗುವುದಿಲ್ಲ. ಒಂದೆರಡು ಸಾಲುಗಳನ್ನು ಕೈಯಿಂದ ಲೆಕ್ಕ ಹಾಕಿ ತಾಳೆ ನೋಡುತ್ತೇವೆ. ಕೊನೆಯಲ್ಲಿ ಹೆಸರುಗಳೆಷ್ಟು, ಮೊತ್ತಗಳೆಷ್ಟು ಎಂಬುದನ್ನು ಎಣಿಸಿ, ಎರಡೂ ಸಮವಲ್ಲದಿದ್ದರೆ ಕೂಗಿ ಹೇಳುವಂತೆ ಮ್ಯಾಕ್ರೋವಿನಲ್ಲಿಯೇ ಒಂದು ಸಾಲನ್ನು ಸೇರಿಸಿದ್ದೇವೆ.

ಅಪರಿಚಿತರಿಂದ ಬಂದ ಕಡತದ ಮ್ಯಾಕ್ರೋವನ್ನು ಎಂದಿಗೂ ಓಡಿಸಕೂಡದು. ನಮ್ಮ ಪರವಾಗಿ ಕೆಲಸ ಮಾಡುವ ಶಕ್ತಿ ಅದಕ್ಕಿರುವುದರಿಂದಲೇ ಕೇಡು ಮಾಡುವ ಶಕ್ತಿಯೂ ಇದೆ. 1999ರ ಮಾರ್ಚ್ ತಿಂಗಳಿನಲ್ಲಿ 'ಮೆಲಿಸ್ಸಾ' ಎಂಬ ಮ್ಯಾಕ್ರೋ ಒಂದು ಪತ್ರದ ಕಡತದೊಳಗೆ ಅಡಗಿ ಬಂದು, ತೆರೆದವರ ವಿಳಾಸಪಟ್ಟಿಯ ಮೊದಲ 50 ಮಂದಿಗೆ ತನ್ನನ್ನು ತಾನೇ ಕಳುಹಿಸಿಕೊಂಡು ಹಬ್ಬಿತು. 2022ರಿಂದ ಮೈಕ್ರೋಸಾಫ್ಟ್ ಸಂಸ್ಥೆಯು ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವ ಏರ್ಪಾಡು ಮಾಡಿದೆ.

ವಿದ್ಯಾರ್ಥಿಗಳು ಈ ತಿಂಗಳು ತಮ್ಮದೇ ಒಂದು ಪುನರಾವರ್ತನೆಯ ಕೆಲಸವನ್ನು—ಲೋಲಕದ ಕೋಷ್ಟಕವೋ, ಮನೆಯ ಹಾಲಿನ ಲೆಕ್ಕವೋ—ಆರಿಸಿಕೊಂಡು ಒಂದು ಮ್ಯಾಕ್ರೋ ರಚಿಸಿ ನೋಡಲಿ. ಇದರಿಂದ ಉಳಿಯುವ ಕೆಲವು ನಿಮಿಷಗಳು ಸಣ್ಣ ಲಾಭ. ನಾವು ದಿನವೂ ಯೋಚಿಸದೆ ಮಾಡುವ ಕೆಲಸವನ್ನು, ಅದು ಎಲ್ಲಿ ಆರಂಭವಾಗುತ್ತದೆ, ಯಾವ ಗುರುತು ಕಂಡಾಗ ನಿಲ್ಲಬೇಕು ಎಂದು ಬಿಡಿಸಿ ಹೇಳಲು ಕಲಿಯುವುದು ದೊಡ್ಡ ಲಾಭ. ಇಷ್ಟಾದ ಮೇಲೂ ಕೀಲಿಯನ್ನೊತ್ತಿ ಎದ್ದುಹೋಗಬಾರದು. ಹಾಳೆಯ ಕೊನೆಯ ಹೆಸರಿನವರೆಗೆ ಒಮ್ಮೆ ಕಣ್ಣಾಡಿಸಬೇಕು. ಅಲ್ಲಿರುವುದೂ ಒಬ್ಬ ವಿದ್ಯಾರ್ಥಿಯ ಹೆಸರೇ.